ಕಂಬಳಿ ಮತ್ತು ರತ್ನಗಂಬಳಿ: ಹಾಸನ ಸೀಮೆಯ ಉಣ್ಣೆಯ ನೆಯ್ಗೆಯೂ ರೇಖಾವಿನ್ಯಾಸದ ಇತಿಹಾಸವೂ

೧. ವಿಷಯ ಪ್ರವೇಶ

ಗಂಟು ಹಾಕಿ ನೆಯ್ದ ಉಣ್ಣೆಯ ನೆಲಹಾಸಿಗೆ ಕನ್ನಡದಲ್ಲಿ ರತ್ನಗಂಬಳಿ ಎಂಬ ಹೆಸರು ರೂಢಿಯಲ್ಲಿದೆ. ಹಿಂದಿ, ಮರಾಠಿ ಮೊದಲಾದ ಭಾಷೆಗಳು ಈ ವಸ್ತುವಿನೊಡನೆಯೇ ಕಾಲೀನು, ಗಲೀಚ ಎಂಬ ಹೊರಗಿನ ಹೆಸರುಗಳನ್ನೂ ಬರಮಾಡಿಕೊಂಡುವು. ಕನ್ನಡವಾದರೋ ತನ್ನ ಮನೆಯಲ್ಲಿದ್ದ ಕಂಬಳಿಯ ಹೆಸರಿಗೆ ಒಂದು ವಿಶೇಷಣವನ್ನು ಕೂಡಿಸಿ ಹೊಸ ವಸ್ತುವನ್ನು ಗುರುತಿಸಿತು. ಹೀಗೆ ಒಂದೇ ಹೆಸರಿನ ಎರಡು ಕವಲುಗಳಂತಿರುವ ಈ ಎರಡು ನೆಯ್ಗೆಗಳಿಗೆ ಪರಸ್ಪರ ಇರುವ ಸಾದೃಶ್ಯವೇನು, ಭೇದವೇನು ಎಂಬುದನ್ನು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ.

ಮಧ್ಯ ಏಷ್ಯ, ಪರ್ಷಿಯ, ಕಾಕಸಸ್, ಅನಟೋಲಿಯ ಪ್ರದೇಶಗಳ ಅಲೆಮಾರಿ ಬುಡಕಟ್ಟುಗಳು ನೆಯ್ದ ಹಳೆಯ ರತ್ನಗಂಬಳಿಗಳನ್ನು ಕುರಿತು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ವಿಪುಲವಾದ ಸಾಹಿತ್ಯ ಬೆಳೆದಿದೆ. ಅವುಗಳ ಮೇಲಿನ ಅಷ್ಟಭುಜ, ನಕ್ಷತ್ರ, ವಜ್ರಾಕೃತಿ, ಕೊಕ್ಕೆ, ಮೆಟ್ಟಿಲುರೇಖೆ ಇವುಗಳನ್ನು ವಿದ್ವಾಂಸರು ಒಂದೊಂದಾಗಿ ವರ್ಗೀಕರಿಸಿದ್ದಾರೆ. ಹಾಸನದ ಬಯಲು ಸೀಮೆಯಲ್ಲಿಯೂ ಕುರಿಯಿತ್ತು, ಉಣ್ಣೆಯಿತ್ತು, ಮಗ್ಗವಿತ್ತು, ಮಂದೆಯ ಹಿಂದೆ ಊರಿಂದ ಊರಿಗೆ ನಡೆಯುವ ಜನವೂ ಇತ್ತು. ಆದರೂ ಇಲ್ಲಿ ಗಂಟಿನ ನೆಯ್ಗೆ ಬೆಳೆಯಲಿಲ್ಲ, ಬೆಳೆದುದು ಕಂಬಳಿ. ಕಂಬಳಿಗೆ ಕಲೆಯ ಇತಿಹಾಸಗಳಲ್ಲಿ ದೊರೆತಿರುವ ಸ್ಥಳ ಬಹು ಅಲ್ಪ. ಅದು ಚಿತ್ರವಿಲ್ಲದ ಒರಟು ಬಟ್ಟೆ ಎಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು. ಈ ಭಾವನೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಮುಂದೆ ನೋಡೋಣ.

೨. ಹೆಸರಿನ ಹಿನ್ನೆಲೆ

ಕಂಬಳವೆಂಬ ಮಾತು ಬಹು ಪ್ರಾಚೀನವಾದುದು. ಅಥರ್ವವೇದದಲ್ಲಿ ಅದು ಬಂದಿದೆ. ಪಾಣಿನಿಯು ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದ ಆರಂಭದಲ್ಲಿಯೇ ಆ ಶಬ್ದದಿಂದ ಕಂಬಲ್ಯವೆಂಬ ಸಂಜ್ಞೆಯನ್ನು ಸಾಧಿಸುತ್ತಾನೆ; ನೂರು ಪಲ ತೂಕದ ಉಣ್ಣೆಗೆ ಅದು ಹೆಸರೆಂದು ಕಾಶಿಕಾವೃತ್ತಿ ವಿವರಿಸುತ್ತದೆ. ಒಂದು ಕಂಬಳಿಗೆ ಬೇಕಾಗುವ ಉಣ್ಣೆಯೇ ಒಂದು ತೂಕದ ಮಾನವಾಗಬೇಕಾದರೆ, ಕಂಬಳಿಯ ನೆಯ್ಗೆ ಆ ಕಾಲಕ್ಕಾಗಲೇ ಸ್ಥಿರಪಟ್ಟ ಅಳತೆಯುಳ್ಳ ವೃತ್ತಿಯಾಗಿತ್ತೆಂದು ತಿಳಿಯಬೇಕಾಗುತ್ತದೆ.

ಕೌಟಿಲ್ಯನ ಅರ್ಥಶಾಸ್ತ್ರದ ಸಾಕ್ಷ್ಯ ಇನ್ನೂ ಸ್ವಾರಸ್ಯವಾಗಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತ ಈ ಗ್ರಂಥವನ್ನು ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದರೆಂಬುದು ಸರ್ವವಿದಿತ. ಅದರ ಎರಡನೆಯ ಅಧಿಕರಣದಲ್ಲಿ ಬೊಕ್ಕಸಕ್ಕೆ ಸೇರತಕ್ಕ ರತ್ನಗಳ ಪರೀಕ್ಷೆಯನ್ನು ಹೇಳುವ ಅಧ್ಯಾಯವೊಂದಿದೆ. ಮುತ್ತು, ಮಾಣಿಕ್ಯ, ವಜ್ರ, ಹವಳಗಳಾದ ಮೇಲೆ ಚಂದನ, ಅಗರು, ತೊಗಲು ಇವುಗಳ ವಿವರ ಬರುತ್ತದೆ. ಅನಂತರ ಕಂಬಳಿಗಳ ವಿವರ ಬರುತ್ತದೆ. ಎಂದರೆ ಶ್ರೇಷ್ಠವಾದ ಉಣ್ಣೆಯ ಬಟ್ಟೆಯೂ ರತ್ನವರ್ಗಕ್ಕೆ ಸೇರಿದುದೆಂದು ಶಾಸ್ತ್ರಕಾರನ ಮತ. ರತ್ನವೆಂದರೆ ಇಲ್ಲಿ ಕೇವಲ ಕಲ್ಲಲ್ಲ, ಆಯಾ ಜಾತಿಯ ವಸ್ತುಗಳಲ್ಲಿ ಉತ್ತಮವಾದುದು ಎಂದು ಅರ್ಥ. ಅದೇ ಅಧ್ಯಾಯದಲ್ಲಿ ನೇಪಾಳದ ಕಂಬಳಿಯೊಂದರ ವರ್ಣನೆಯಿದೆ: ಅದು ಕಪ್ಪುಬಣ್ಣದ್ದು, ಎಂಟು ಪಟ್ಟಿಗಳನ್ನು ಜೋಡಿಸಿ ಮಾಡಿದ್ದು, ಮಳೆಯನ್ನು ತಡೆಯುವಂಥದು. ಕಪ್ಪು ಬಣ್ಣ, ಮಳೆ ತಡೆ ಎಂಬ ಎರಡು ಲಕ್ಷಣಗಳನ್ನು ಕೇಳಿದ ಕೂಡಲೆ ನಮ್ಮ ಕುರುಬರ ಕರಿಯ ಕಂಬಳಿ ನೆನಪಿಗೆ ಬಾರದೆ ಇರದು.

ರತ್ನಕಂಬಳವೆಂಬ ಸಮಾಸಪದ ಜೈನ ಕಥೆಗಳಲ್ಲಿ ಪ್ರಸಿದ್ಧವಾಗಿದೆ. ಹೇಮಚಂದ್ರನ ಪರಿಶಿಷ್ಟಪರ್ವದಲ್ಲಿ ಸ್ಥೂಲಭದ್ರನ ಕಥೆಯ ಸಂದರ್ಭದಲ್ಲಿ, ಮುನಿಯೊಬ್ಬನು ಕೋಶೆಯೆಂಬ ಗಣಿಕೆಗಾಗಿ ನೇಪಾಳದವರೆಗೆ ನಡೆದು ರತ್ನಕಂಬಳವನ್ನು ಬೇಡಿ ತಂದನೆಂದೂ, ಅವಳು ಅದನ್ನು ಕೊಚ್ಚೆಗೆ ಎಸೆದು ಅವನಿಗೆ ವಿವೇಕವನ್ನು ಕಲಿಸಿದಳೆಂದೂ ಇದೆ. ಆ ಸ್ಥೂಲಭದ್ರನು ಶ್ರುತವನ್ನು ಕಲಿತದ್ದು ಭದ್ರಬಾಹುವಿನಲ್ಲಿ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸಮಾಧಿ ಹೊಂದಿದನೆಂದು ನಮ್ಮ ನಾಡಿನ ಪರಂಪರೆ ಹೇಳುವುದು ಆ ಭದ್ರಬಾಹುವನ್ನೇ. ಈ ಕಥೆಗಳಲ್ಲಿ ರತ್ನಕಂಬಳವು ಹೊದೆಯುವ ಬೆಲೆಬಾಳುವ ಬಟ್ಟೆಯೇ ಹೊರತು ನೆಲಕ್ಕೆ ಹಾಸುವ ಗಂಟಿನ ನೆಯ್ಗೆಯಲ್ಲ. ಆದುದರಿಂದ ಪದವು ಮೊದಲು ಹುಟ್ಟಿತು. ಬಹುಕಾಲದ ಮೇಲೆ, ಪರ್ಷಿಯದ ಮಾದರಿಯ ನೆಲಹಾಸು ದಖನಿನ ಆಸ್ಥಾನಗಳಿಗೆ ಬಂದಾಗ, ಆ ಪದ ಹೊಸ ವಸ್ತುವಿಗೆ ಅನ್ವಯವಾಯಿತು ಎಂದು ಹೇಳಬಹುದು.

೩. ಗಂಟಿನ ನೆಯ್ಗೆಯೂ ಅದರ ರೇಖೆಯೂ

ಗಂಟಿನ ನೆಯ್ಗೆಯ ಕ್ರಮ ತತ್ತ್ವದಲ್ಲಿ ಸರಳವಾದುದು. ಮಗ್ಗಕ್ಕೆ ಹಾಸಿನ ಎಳೆಗಳನ್ನು ಬಿಗಿದು, ಅಕ್ಕಪಕ್ಕದ ಎರಡೆರಡು ಎಳೆಗಳಿಗೆ ಬಣ್ಣದ ಉಣ್ಣೆಯ ಸಣ್ಣ ತುಂಡನ್ನು ಸುತ್ತಿ, ಅದರ ಎರಡು ತುದಿಗಳನ್ನೂ ಮುಂದಕ್ಕೆ ಎಳೆಯುತ್ತಾರೆ. ಉಣ್ಣೆ ಎರಡು ಎಳೆಗಳನ್ನೂ ಪೂರ್ಣವಾಗಿ ಸುತ್ತಿದರೆ ಅದು ಸಮಗಂಟು. ಒಂದನ್ನು ಮಾತ್ರ ಸುತ್ತಿ ಇನ್ನೊಂದರ ಹಿಂದೆ ಹಾದುಬಂದರೆ ವಿಷಮಗಂಟು. ಒಂದು ಸಾಲು ಗಂಟು ಮುಗಿದ ಮೇಲೆ ಹೊಕ್ಕಿನ ಎಳೆಯನ್ನು ಹಾಯಿಸಿ ಹಣಿಗೆಯಿಂದ ಬಡಿದು ಬಿಗಿಮಾಡುತ್ತಾರೆ. ಕೊನೆಗೆ ಮೇಲ್ಮೈಯನ್ನು ಒಂದೇ ಮಟ್ಟಕ್ಕೆ ಕತ್ತರಿಸಿದಾಗ ದಟ್ಟವಾದ ರೋಮದ ಹಾಸು ಸಿದ್ಧವಾಗುತ್ತದೆ.

ಈ ಕಲೆ ಎಷ್ಟು ಹಳೆಯದೆಂಬುದಕ್ಕೆ ೧೯೪೯ರಲ್ಲಿ ಒಂದು ಅಪೂರ್ವ ಪ್ರಮಾಣ ದೊರಕಿತು. ಸೈಬೀರಿಯದ ದಕ್ಷಿಣದಲ್ಲಿರುವ ಆಲ್ಟಾಯ್ ಪರ್ವತಗಳ ಪಜಿರಿಕ್ ಎಂಬಲ್ಲಿ ರುಡೆಂಕೊ ಎಂಬ ರಷ್ಯದ ಪುರಾತತ್ತ್ವಜ್ಞರು ಅಗೆದ ಗೋರಿಯೊಂದರಲ್ಲಿ, ಮಂಜುಗಡ್ಡೆಯ ನಡುವೆ ಒಂದು ರತ್ನಗಂಬಳಿ ಕೆಡದೆ ಉಳಿದಿತ್ತು. ಅದು ಕ್ರಿಸ್ತಪೂರ್ವ ಐದು ಅಥವಾ ನಾಲ್ಕನೆಯ ಶತಮಾನಕ್ಕೆ ಸೇರಿದುದು. ಸುಮಾರು ೨೦೦ ಸೆಂಟಿಮೀಟರ್ ಉದ್ದ, ೧೮೩ ಸೆಂಟಿಮೀಟರ್ ಅಗಲ. ಸಮಗಂಟಿನಲ್ಲಿ ನೆಯ್ದ ಅದರಲ್ಲಿ ಒಟ್ಟು ೧೨ ಲಕ್ಷಕ್ಕೂ ಮಿಕ್ಕ ಗಂಟುಗಳಿವೆ. ನಡುವೆ ೨೪ ಚೌಕಗಳು, ಒಂದೊಂದರಲ್ಲಿಯೂ ಹೂವಿನಂಥ ನಾಲ್ಕು ಮುಖದ ಆಕೃತಿ, ಸುತ್ತಣ ಅಂಚುಗಳಲ್ಲಿ ಜಿಂಕೆಗಳ ಮತ್ತು ಕುದುರೆ ಸವಾರರ ಸಾಲು. ಈಗ ಅದು ಲೆನಿನ್‌ಗ್ರಾಡ್ ಎಂದು ಒಮ್ಮೆ ಕರೆಯುತ್ತಿದ್ದ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ.

ಈ ನೆಯ್ಗೆಯಲ್ಲಿ ಒಂದೊಂದು ಗಂಟೂ ಒಂದೊಂದು ಚುಕ್ಕೆಯಿದ್ದಂತೆ. ನಮ್ಮ ಹೆಣ್ಣುಮಕ್ಕಳು ಬಾಗಿಲ ಮುಂದೆ ಚುಕ್ಕೆಯಿಟ್ಟು ರಂಗೋಲಿ ಹಾಕುವಾಗ ಮೊದಲು ಚುಕ್ಕೆಗಳನ್ನು ಎಣಿಸುತ್ತಾರೆ, ಆಮೇಲೆ ಗೆರೆಯನ್ನು ಎಳೆಯುತ್ತಾರೆ. ಧಾರವಾಡದ ಕಡೆಯ ಕಸೂತಿಯಲ್ಲಿಯೂ ಹೀಗೆಯೇ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಮುರಗಿ, ನೇಗಿ ಮೊದಲಾದ ಹೊಲಿಗೆಗಳನ್ನು ಹಾಕಬೇಕು. ಎಣಿಕೆಯಿಂದ ಹುಟ್ಟಿದ ಚಿತ್ರದಲ್ಲಿ ಅಡ್ಡಗೆರೆ, ನೆಟ್ಟಗೆರೆ, ಒಂದು ಚುಕ್ಕೆ ಮೇಲೆ ಒಂದು ಚುಕ್ಕೆ ಪಕ್ಕಕ್ಕೆ ಸರಿಯುವ ಓರೆಗೆರೆ ಈ ಮೂರು ಸಹಜವಾಗಿ ಬರುತ್ತವೆ. ವಕ್ರರೇಖೆಯನ್ನು ಎಳೆಯಬೇಕಾದರೆ ಗಂಟುಗಳು ಅತ್ಯಂತ ಸೂಕ್ಷ್ಮವಾಗಿರಬೇಕು. ಇಲ್ಲವಾದರೆ ಬಳ್ಳಿಯು ಮೆಟ್ಟಿಲಾಗಿ ಕಾಣುತ್ತದೆ. ಆಸ್ಥಾನದ ಕಾರ್ಖಾನೆಗಳಲ್ಲಿ ಚಿತ್ರಕಾರನು ಬರೆದುಕೊಟ್ಟ ನಕ್ಷೆಯನ್ನು ನೋಡಿ, ಸಣ್ಣ ಗಂಟುಗಳಲ್ಲಿ, ವರ್ಷಗಟ್ಟಲೆ ಕುಳಿತು ನೆಯ್ಯುವವರಿಗೆ ಬಳ್ಳಿ ಸಾಧ್ಯವಾಯಿತು. ನೆಲಕ್ಕೆ ನಾಲ್ಕು ಗೂಟ ಹೊಡೆದು ಮಗ್ಗ ಹೂಡಿ, ಮಂದೆ ಹೊರಟಾಗ ಅದನ್ನು ಸುತ್ತಿಕೊಂಡು ಹೋಗಬೇಕಾದ ಅಲೆಮಾರಿ ಹೆಂಗಸಿಗೆ ನಕ್ಷೆಯಿಲ್ಲ. ಎಣಿಕೆಯೇ ಅವಳ ನಕ್ಷೆ. ಆದುದರಿಂದ ಬುಡಕಟ್ಟಿನ ರತ್ನಗಂಬಳಿಯ ರೇಖೆ ಜ್ಯಾಮಿತೀಯವಾದದ್ದು ಅಜ್ಞಾನದಿಂದಲೂ ಅಲ್ಲ, ಕೇವಲ ಗೂಢ ಸಂಕೇತಗಳ ಮೋಹದಿಂದಲೂ ಅಲ್ಲ. ಸಾಮಗ್ರಿ ಮತ್ತು ಸಾಧನಗಳ ಸ್ವಭಾವವನ್ನು ಅರಿತು ಅದಕ್ಕೆ ಒಪ್ಪುವ ರೂಪವನ್ನು ಆರಿಸಿಕೊಂಡುದರ ಫಲವದು.

ಗಂಟಿಲ್ಲದ ಚಪ್ಪಟೆ ನೆಯ್ಗೆಯಲ್ಲಿ ಈ ನಿಯಮ ಇನ್ನೂ ಕಟ್ಟುನಿಟ್ಟು. ಎರಡು ಬಣ್ಣದ ಹೊಕ್ಕಿನ ಎಳೆಗಳು ಒಂದೇ ಹಾಸಿನ ಎಳೆಯ ಬಳಿ ಪದೇ ಪದೇ ಹಿಂದಿರುಗಿದರೆ ಅಲ್ಲಿ ಉದ್ದಕ್ಕೂ ಸೀಳು ಬಿಡುತ್ತದೆ. ಸೀಳನ್ನು ತಪ್ಪಿಸಲು ನೇಕಾರನು ಬಣ್ಣದ ಗಡಿಯನ್ನು ಸಾಲುಸಾಲಿಗೂ ಒಂದೆರಡು ಎಳೆ ಪಕ್ಕಕ್ಕೆ ಸರಿಸುತ್ತಾನೆ. ವಜ್ರಾಕೃತಿಯೂ ಮೆಟ್ಟಿಲುರೇಖೆಯೂ ಹುಟ್ಟುವುದು ಹೀಗೆ.

ಆದರೂ ರೂಪಗಳಿಗೆ ಸಾಮಾಜಿಕವಾದ ಅರ್ಥವೇ ಇಲ್ಲವೆಂದು ಹೇಳಲಾಗದು. ತುರ್ಕಮಾನರ ತೆಕ್ಕೆ, ಸಾಲೋರ್, ಯೊಮುತ್ ಮೊದಲಾದ ಕುಲಗಳು ಗೋಲ್ ಎಂದು ಕರೆಯುವ ಅಷ್ಟಭುಜದ ಆಕೃತಿಗಳನ್ನು ತಂತಮ್ಮ ವಿಶಿಷ್ಟ ರೀತಿಯಲ್ಲಿ ನೆಯ್ಯುತ್ತಿದ್ದುವು. ಮೊಷ್ಕೋವಾ ಎಂಬ ರಷ್ಯದ ವಿದುಷಿ ೧೯೪೬ರಲ್ಲಿ, ಸೋತ ಕುಲವು ತನ್ನ ಗೋಲನ್ನು ಮುಖ್ಯ ಹಾಸಿನಿಂದ ಕೈಬಿಟ್ಟು ಗೆದ್ದ ಕುಲದ ಗೋಲನ್ನು ಸ್ವೀಕರಿಸುತ್ತಿತ್ತೆಂದು ಪ್ರತಿಪಾದಿಸಿದರು. ಈ ವಾದವನ್ನು ಪೂರ್ಣವಾಗಿ ಒಪ್ಪದವರೂ ಆಕೃತಿಯನ್ನು ರಾಜಕೀಯ ಇತಿಹಾಸದ ಆಕರವಾಗಿ ಓದಬಹುದೆಂಬ ಅದರ ತತ್ತ್ವವನ್ನು ಗೌರವಿಸುತ್ತಾರೆ. ಬಣ್ಣವೂ ಇಂಥದೇ ಒಂದು ಆಕರ. ೧೮೫೬ರಲ್ಲಿ ಪರ್ಕಿನ್ ಎಂಬ ಇಂಗ್ಲಿಷ್ ರಸಾಯನಜ್ಞನು ಕೃತಕ ಬಣ್ಣವನ್ನು ಕಂಡುಹಿಡಿದನು. ಅನಂತರದ ದಶಕಗಳಲ್ಲಿ ಅಂಥ ಬಣ್ಣಗಳು ಏಷ್ಯದ ನೇಕಾರರನ್ನು ಮುಟ್ಟಿದುವು. ಹಾಸಿನಲ್ಲಿ ಅವು ಕಂಡರೆ ಅದರ ಕಾಲದ ಮೇಲ್ಮಿತಿಯನ್ನು ನಿರ್ಣಯಿಸಲು ಸಾಧ್ಯವಾಗುತ್ತದೆ.

೪. ಕುರಿ, ಮಳೆ, ಮಗ್ಗ

ಈ ನಿಯಮಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಸನ ಸೀಮೆಗೆ ಬರೋಣ. ಜಿಲ್ಲೆಯ ಪಶ್ಚಿಮದಲ್ಲಿ ಸಕಲೇಶಪುರದ ಮಲೆನಾಡು. ಅಲ್ಲಿ ವಾರ್ಷಿಕ ಮಳೆ ೨೦೦೦ ಮಿಲಿಮೀಟರನ್ನು ಮೀರುತ್ತದೆ. ಪೂರ್ವಕ್ಕೆ ಹೋದಂತೆ ಮಳೆ ಇಳಿಯುತ್ತ ಬಂದು ಚನ್ನರಾಯಪಟ್ಟಣದ ಬಯಲಿನಲ್ಲಿ ಅದರ ಅರ್ಧಕ್ಕಿಂತಲೂ ಕಡಮೆಯಾಗುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು ಇವು ನಡುವಣ ನಾಡು; ಅರಕಲಗೂಡಿನ ಪಶ್ಚಿಮದ ಅಂಚು ಮಲೆನಾಡನ್ನು ಮುಟ್ಟುತ್ತದೆ. ಕುರಿಗೆ ಒಣಹವೆ ಹಿತ, ಕೆಸರು ಅಹಿತ. ಆದುದರಿಂದ ಮಂದೆಗಳು ಪೂರ್ವದ ಬಯಲಿನಲ್ಲಿದ್ದುವು. ಕಂಬಳಿಯ ಅಗತ್ಯವಾದರೋ ಪಶ್ಚಿಮದ ಮಳೆಯಲ್ಲಿ ಹೆಚ್ಚಾಗಿತ್ತು. ಗದ್ದೆಯ ನಾಟಿಗೂ ಕಾಫಿ ತೋಟದ ಕೆಲಸಕ್ಕೂ ಘಟ್ಟದ ಕಡೆಗೆ ಹೋಗುವ ಬಯಲುಸೀಮೆಯ ಆಳು ತಲೆಯ ಮೇಲೆ ಕಂಬಳಿಯ ಕೊಪ್ಪೆಯನ್ನು ಹಾಕಿಕೊಂಡೇ ಹೋಗುತ್ತಿದ್ದನು. ಮಲೆನಾಡಿನವರಿಗೆ ಗೊರಬು ಇದ್ದಿತಾದರೂ ರಾತ್ರಿ ಹೊದೆಯಲು ಗೊರಬು ಬಾರದು. ಹಗಲು ಕೊಡೆ, ರಾತ್ರಿ ಹೊದಿಕೆ, ಕುಳಿತಾಗ ಹಾಸು, ಸಂತೆಯಿಂದ ಬರುವಾಗ ಧಾನ್ಯದ ಗಂಟು, ಹೀಗೆ ಹಲವು ಪ್ರಯೋಜನಗಳು ಒಂದೇ ಬಟ್ಟೆಯಿಂದ ನೆರವೇರಬೇಕಾಗಿತ್ತು.

ಕುರಿಯ ಜಾತಿಯೂ ಇಲ್ಲಿ ಮುಖ್ಯವಾದುದು. ಪಶುತಜ್ಞರು ಹಾಸನ ಎಂಬ ಹೆಸರಿನಿಂದಲೇ ಒಂದು ಕುರಿಯ ತಳಿಯನ್ನು ಗುರುತಿಸಿದ್ದಾರೆ. ಅದು ಸಣ್ಣ ಮೈಕಟ್ಟಿನ ಪ್ರಾಣಿ. ಬಿಳಿಯ ಮೈಮೇಲೆ ತಿಳಿಕಂದು ಅಥವಾ ಕಪ್ಪು ಮಚ್ಚೆ, ಜೋಲುಕಿವಿ, ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿಲ್ಲ. ಉಣ್ಣೆ ಅತ್ಯಂತ ಒರಟು, ವಿರಳ. ಕಾಲು ಮತ್ತು ಹೊಟ್ಟೆಗಳ ಮೇಲೆ ಬಹುಮಟ್ಟಿಗೆ ಉಣ್ಣೆಯೇ ಇರುವುದಿಲ್ಲ. ಉತ್ತರದ ಬಳ್ಳಾರಿ ತಳಿಯಲ್ಲಿ ಬಿಳಿ, ಮಿಶ್ರ, ಕಪ್ಪು ಮೂರೂ ಉಂಟು. ದಖನಿ ತಳಿಯಲ್ಲಿ ಕಪ್ಪೇ ಪ್ರಧಾನ. ದಕ್ಷಿಣದ ಮಂಡ್ಯ ತಳಿ, ಎಂದರೆ ಬನ್ನೂರು ಕುರಿ, ಮಾಂಸಕ್ಕೆ ಹೆಸರಾದುದೇ ಹೊರತು ಉಣ್ಣೆಗಲ್ಲ. ಹೀಗೆ ಉಣ್ಣೆಯ ನಾಡಿಗೂ ಮಾಂಸದ ನಾಡಿಗೂ ನಡುವಣ ಮೇರೆಯಲ್ಲಿ ಹಾಸನ ಸೀಮೆಯಿದೆ.

ರತ್ನಗಂಬಳಿಯ ರೋಮಕ್ಕೆ ಪುಟಿಯುವ ಗುಣ, ಹೊಳಪು, ಉದ್ದ ಇವುಗಳಿರುವ ಉಣ್ಣೆ ಬೇಕು. ಬಣ್ಣವನ್ನು ಚೆನ್ನಾಗಿ ಹೀರಿಕೊಳ್ಳಬೇಕು. ಒಳಗೆ ಟೊಳ್ಳಾದ ಒರಟು ಕೂದಲು ಹೆಚ್ಚಾಗಿ ಬೆರೆತ ಉಣ್ಣೆ ಬಣ್ಣವನ್ನು ಸಮವಾಗಿ ಹಿಡಿಯದು, ತುಳಿತಕ್ಕೆ ಮುರಿಯುತ್ತದೆ. ಅಲ್ಲದೆ ಗಂಟಿನ ನೆಯ್ಗೆಗೆ ಬೇಕಾಗುವ ಉಣ್ಣೆಯ ಪ್ರಮಾಣವೂ ಬಹಳ. ಮೈಯ ಮೇಲೆ ವಿರಳವಾಗಿ ಉಣ್ಣೆ ಬೆಳೆಯುವ ಕುರಿಯ ನಾಡಿನಲ್ಲಿ ಅದು ದುಬಾರಿಯಾದ ವ್ಯಯ. ಗುಡಾರದ ನೆಲದ ಚಳಿಯನ್ನು ತಡೆಯುವ ಪ್ರಮೇಯವೂ ಈ ಸೀಮೆಯಲ್ಲಿರಲಿಲ್ಲ. ಆದಕಾರಣ ಇಲ್ಲಿಯ ಕುರುಬನು ರತ್ನಗಂಬಳಿಯನ್ನು ನೆಯ್ಯಲಿಲ್ಲವೆಂಬುದನ್ನು ಕೊರತೆಯೆಂದು ಭಾವಿಸುವುದು ಯುಕ್ತವಲ್ಲ. ಅದೇ ಒರಟು ಉಣ್ಣೆಯನ್ನು ಒತ್ತಾಗಿ ನೆಯ್ದು, ನೆನೆಸಿ ಮೆಟ್ಟಿದಾಗ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಮಳೆನೀರು ಸುಲಭವಾಗಿ ಒಳಗಿಳಿಯದ ಬಟ್ಟೆಯಾಗುತ್ತದೆ.

ಕೆಲಸದ ಕ್ರಮ ಹೀಗೆ. ಕುರಿಯ ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ; ಮರಿಯ ಮೊದಲ ಕತ್ತರಿಯ ಉಣ್ಣೆ ಎಲ್ಲಕ್ಕಿಂತ ಮೃದು. ಉಣ್ಣೆಯನ್ನು ಬಣ್ಣದ ಪ್ರಕಾರ ವಿಂಗಡಿಸಿ, ಬಿಲ್ಲಿನಿಂದ ಹಿಂಜಿ, ಹೆಂಗಸರು ನೂಲುತ್ತಾರೆ. ಗಂಡಸರು ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ನೆಯ್ಯುತ್ತಾರೆ. ಒರಟು ನೂಲು ಮಗ್ಗದಲ್ಲಿ ಎಳೆಬಿಡದಂತೆ ಹಾಸಿಗೆ ಹುಣಸೆಬೀಜದ ಗಂಜಿಯನ್ನು ಬಳಿಯುವುದು ಕಂಬಳಿಯ ನೆಯ್ಗೆಯ ವಿಶೇಷ. ಹೊಸ ಕಂಬಳಿಯ ಬಿರುಸು ಈ ಗಂಜಿಯದು. ಬಳಸಿದಂತೆ ಅದು ಇಳಿದು ಬಟ್ಟೆ ಮೆತ್ತಗಾಗುತ್ತದೆ.

೫. ಕಂಬಳಿಯ ವಿನ್ಯಾಸವೂ ಸ್ಥಾನವೂ

ಕಂಬಳಿಯಲ್ಲಿ ವಿನ್ಯಾಸವಿಲ್ಲವೆಂಬ ಮಾತು ಪೂರ್ಣ ಸತ್ಯವಲ್ಲ. ಅದರ ವಿನ್ಯಾಸ ಎರಡೇ ಅಂಗಗಳಿಂದಾದುದು: ಉದ್ದಕ್ಕೆ ಓಡುವ ಅಂಚು, ತುದಿಗಳಲ್ಲಿ ಬರುವ ಪಟ್ಟೆ. ಹಾಸನ್ನು ಹೂಡುವಾಗಲೇ 'ಇಷ್ಟು ಎಳೆ ಕರಿದು, ಇಷ್ಟು ಎಳೆ ಬಿಳಿದು' ಎಂದು ಎಣಿಸಿದರೆ ಅಂಚು ಹುಟ್ಟುತ್ತದೆ. ಲಾಳಿಯ ನೂಲನ್ನು ಬದಲಿಸಿದರೆ ಪಟ್ಟೆ ಹುಟ್ಟುತ್ತದೆ. ಎರಡೂ ಕೂಡುವ ಮೂಲೆಯಲ್ಲಿ ಚೌಕುಳಿ ತಾನಾಗಿ ಮೂಡುತ್ತದೆ. ಬಣ್ಣವೂ ಬಹುಮಟ್ಟಿಗೆ ಕುರಿಯದೇ. ಕಪ್ಪು, ಬಿಳಿ, ಕಂದು, ಇವುಗಳನ್ನು ಬೆರೆಸಿ ಹಿಂಜಿದ ಬೂದು, ಇಷ್ಟರಲ್ಲಿಯೇ ನೇಕಾರನ ಸ್ವರಗಳೆಲ್ಲ ಮುಗಿಯುತ್ತವೆ. ರತ್ನಗಂಬಳಿಯ ರೇಖಾವಿನ್ಯಾಸಕ್ಕೆ ಮೂಲವಾದ ಎಣಿಕೆಯ ತತ್ತ್ವವೇ ಇಲ್ಲಿಯೂ ಇದೆ. ಅದು ಕನಿಷ್ಠ ರೂಪಕ್ಕೆ ಇಳಿದಿದೆ ಅಷ್ಟೆ. ಹಾಸುಹೊಕ್ಕು ಎಂಬ ನಮ್ಮ ನುಡಿಗಟ್ಟಿಗೆ ಇದಕ್ಕಿಂತ ಸ್ಫುಟವಾದ ಉದಾಹರಣೆ ಬೇರೊಂದು ದೊರೆಯಲಾರದು.

ಚಿತ್ರದ ಮಿತವ್ಯಯಕ್ಕೆ ವ್ಯತಿರಿಕ್ತವಾಗಿ, ಆಚಾರದಲ್ಲಿ ಕಂಬಳಿಯ ಸ್ಥಾನ ಬಹು ದೊಡ್ಡದು. ಹಾಲುಮತದ ಪುರಾಣದಲ್ಲಿ ಮೂಲಪುರುಷನಾದ ಉಂಡಾಡು ಪದ್ಮಣ್ಣನು ಹುತ್ತವನ್ನು ಒಡೆದಾಗ ಕುರಿಗಳು ಹೊರಬಂದುವೆಂಬ ಕಥೆಯಿದೆ. ಕುರುಬರಲ್ಲಿ ಹತ್ತಿಕಂಕಣ, ಉಣ್ಣೆಕಂಕಣ ಎಂಬ ಎರಡು ಒಳಪಂಗಡಗಳುಂಟು. ಮದುವೆಯಲ್ಲಿ ಕಟ್ಟುವ ಕಂಕಣದ ನೂಲು ಹತ್ತಿಯದೋ ಉಣ್ಣೆಯದೋ ಎಂಬುದರಿಂದ ಈ ಹೆಸರು ಬಂದಿತು. ಪದ್ಮಣ್ಣನ ಇಬ್ಬರು ಹೆಂಡಿರ ಸಂತತಿಗಳೇ ಈ ಎರಡು ಪಂಗಡಗಳಾದುವೆಂಬ ಐತಿಹ್ಯವನ್ನು ಥರ್ಸ್ಟನ್ ೧೯೦೯ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಸಂಗ್ರಹಿಸಿದ್ದಾರೆ. ತುರ್ಕಮಾನರಲ್ಲಿ ಕುಲವನ್ನು ಗೋಲ್ ಸೂಚಿಸುವಂತೆ, ಇಲ್ಲಿ ನೂಲಿನ ಜಾತಿಯೇ ಪಂಗಡವನ್ನು ಸೂಚಿಸುತ್ತದೆ. ಗುರುತು ಚಿತ್ರದಲ್ಲಿಲ್ಲ, ಸಾಮಗ್ರಿಯಲ್ಲಿದೆ. ಕರಿಯ ಕಂಬಳಿಯನ್ನು ಹಾಸಿ ಗದ್ದುಗೆ ಮಾಡಿ ಪೂಜೆ ನಡೆಸುವುದು, ಮೈಲಾರಲಿಂಗನ ಒಕ್ಕಲಾದ ಗೊರವರು ಕರಿಯ ಕಂಬಳಿಯನ್ನು ಹೊದ್ದು ಕುಣಿಯುವುದು, ಇವೂ ಈ ಮಾತನ್ನೇ ಸಮರ್ಥಿಸುತ್ತವೆ. ಯಾವ ಆಕೃತಿಯನ್ನೂ ಬರೆಯದ ಬಟ್ಟೆಯೊಂದು ಪೀಠವಾಗಬಲ್ಲದು.

ರಾಜ್ಯದ ದೃಷ್ಟಿಯಲ್ಲಿ ನೆಯ್ಗೆ ಒಂದು ಆದಾಯಮೂಲ. ಹೊಯ್ಸಳರ ಮತ್ತು ವಿಜಯನಗರದ ಕಾಲದ ಶಾಸನಗಳಲ್ಲಿ ಗಾಣದೆರೆಯೊಡನೆ ಮಗ್ಗದೆರೆ ಪದೇ ಪದೇ ಬರುತ್ತದೆ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ಣಾಟಿಕದ ಐದನೆಯ ಸಂಪುಟವಾಗಿ ೧೯೦೨ರಲ್ಲಿ ಹೊರತಂದರು. ಟಿಪ್ಪು ಸುಲ್ತಾನನ ಪತನದ ತರುವಾಯ ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಕುರಿಸಾಕಣೆಯನ್ನೂ ಕುರುಬರ ಕಂಬಳಿಯ ನೆಯ್ಗೆಯನ್ನೂ ಗಮನಿಸಿ ಬರೆದಿದ್ದಾನೆ.

೬. ಕರ್ಣಾಟಕದಲ್ಲಿ ರತ್ನಗಂಬಳಿ

ಗಂಟಿನ ನೆಯ್ಗೆ ಕನ್ನಡ ನಾಡಿಗೆ ಬಂದುದು ಆಸ್ಥಾನದ ಮಾರ್ಗದಿಂದ. ಬಿಜಾಪುರದ ಅಸಾರ್ ಮಹಲಿನಲ್ಲಿದ್ದ ಆದಿಲ್‌ಶಾಹಿ ಕಾಲದ ಹಾಸುಗಳು ಗೋಳಗುಮ್ಮಟದ ಆವರಣದ ಸಂಗ್ರಹಾಲಯದಲ್ಲಿವೆ. ದಖನಿನ ಹಾಸುಗಳು ಡಚ್ಚರ ಹಡಗುಗಳಲ್ಲಿ ಜಪಾನಿನವರೆಗೆ ಹೋದುವು. ಕ್ಯೋಟೋ ನಗರದ ಗಿಯೋನ್ ಉತ್ಸವದ ರಥಗಳಿಗೆ ಹೊದಿಸುವ ಹಳೆಯ ರತ್ನಗಂಬಳಿಗಳಲ್ಲಿ ಕೆಲವು ದಖನಿನವೆಂದು ವಿದ್ವಾಂಸರು ಗುರುತಿಸಿದ್ದಾರೆ.

ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನ ಈ ಪರಂಪರೆಯ ಇನ್ನೊಂದು ಕವಲು. ಅದು ಹತ್ತಿಯ ಚಪ್ಪಟೆ ನೆಯ್ಗೆ. ಬಿಜಾಪುರದಿಂದ ವಲಸೆ ಬಂದ ಮುಸ್ಲಿಂ ಕುಟುಂಬಗಳು ಇದನ್ನು ತಂದುವೆಂದು ಪ್ರತೀತಿ, ನೆಯ್ಯುವವರು ಹೆಂಗಸರು. ಪಗಡೆಯ ಹಾಸು, ನವಿಲು, ಗಿಳಿ ಮೊದಲಾದ ಆಕೃತಿಗಳೆಲ್ಲ ಅಲ್ಲಿ ಮೆಟ್ಟಿಲುರೇಖೆಯಲ್ಲಿಯೇ ಮೂಡುತ್ತವೆ. ಅದಕ್ಕೆ ೨೦೧೧ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರಕಿತು. ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿನ ಉಣ್ಣೆಯ ಹಾಸುಗಳು ಪ್ರಸಿದ್ಧವಾಗಿದ್ದುವು. ೧೮೯೭ರ ಪರಿಷ್ಕೃತ ಗೆಜೆಟಿಯರಿನಲ್ಲಿ ರೈಸ್ ಅವರು ಈ ಹಾಸುಗಳ ಬಾಳಿಕೆಯನ್ನೂ, ಎರಡು ಮುಖಗಳಲ್ಲಿಯೂ ಒಂದೇ ವಿನ್ಯಾಸವಿರುವ ವೈಶಿಷ್ಟ್ಯವನ್ನೂ ಹೊಗಳಿ, ಸೆಂಟ್ರಲ್ ಜೈಲಿನಲ್ಲಿ ಪರ್ಷಿಯ ಮತ್ತು ತುರ್ಕಿಯ ಮಾದರಿಗಳನ್ನು ಅನುಸರಿಸಿ ಮಾಡುತ್ತಿದ್ದ ರೋಮದ ಹಾಸುಗಳನ್ನು ಬೇರೆಯಾಗಿ ಹೆಸರಿಸಿದ್ದಾರೆ. ಎರಡು ಮುಖವೂ ಒಂದೇ ಆಗಿರುವುದು ಚಪ್ಪಟೆ ನೆಯ್ಗೆಯ ಲಕ್ಷಣ. ಎಂದರೆ ಊರಿನ ನೇಕಾರರ ವಿನ್ಯಾಸ ಅವರ ಮಗ್ಗದಿಂದ ಬಂದುದು. ಜೈಲಿನ ವಿನ್ಯಾಸ ದೂರದ ಮಾದರಿಯಿಂದ ಬಂದುದು.

ಹಾಸನ ಸೀಮೆಗೆ ಅತ್ಯಂತ ಸಮೀಪದಲ್ಲಿ ಗಂಟಿನ ನೆಯ್ಗೆ ನೆಲೆಗೊಂಡುದು ಇಪ್ಪತ್ತನೆಯ ಶತಮಾನದಲ್ಲಿ. ೧೯೬೦-೬೧ರಲ್ಲಿ ಟಿಬೆಟಿನ ನಿರಾಶ್ರಿತರಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲೆ ದೊರೆಯಿತು. ಅರಕಲಗೂಡು ತಾಲ್ಲೂಕಿನ ಗಡಿ ಅಲ್ಲಿಗೆ ದೂರವಲ್ಲ. ಅವರು ತಮ್ಮೊಡನೆ ತಂದ ಕುಶಲತೆಗಳಲ್ಲಿ ರತ್ನಗಂಬಳಿಯೂ ಒಂದು. ಟಿಬೆಟಿನ ಕ್ರಮದಲ್ಲಿ ಗಂಟುಗಳನ್ನು ಒಂದೊಂದಾಗಿ ಕತ್ತರಿಸುವುದಿಲ್ಲ. ಹಾಸಿಗೆ ಅಡ್ಡಲಾಗಿ ಒಂದು ಕಡ್ಡಿಯನ್ನಿಟ್ಟು, ನೂಲನ್ನು ಹಾಸಿನ ಎಳೆಗೂ ಕಡ್ಡಿಗೂ ಸುತ್ತುತ್ತ ಸಾಲನ್ನು ಮುಗಿಸಿ, ಆಮೇಲೆ ಕಡ್ಡಿಯ ಉದ್ದಕ್ಕೂ ಕುಣಿಕೆಗಳನ್ನು ಒಟ್ಟಿಗೆ ಕೊಯ್ಯುತ್ತಾರೆ. ಮಲಗಲು ಬಳಸುವ ಖಾದೆನ್ ಎಂಬ ಹಾಸಿನ ಅಳತೆ ಸುಮಾರು ಮೂರು ಅಡಿ ಅಗಲ, ಆರು ಅಡಿ ಉದ್ದ. ಚಳಿಯ ಪೀಠಭೂಮಿಯಲ್ಲಿ ಹುಟ್ಟಿದ ಈ ಹಾಸು ಕಾವೇರಿಯ ಬಯಲಿನಲ್ಲಿ ಉಳಿದುದು ಅಗತ್ಯದಿಂದಲ್ಲ, ಸ್ಮೃತಿಯಿಂದ ಮತ್ತು ಮಾರುಕಟ್ಟೆಯಿಂದ.

೭. ಕಲ್ಲಿನ ನಕ್ಷತ್ರ, ನೂಲಿನ ನಕ್ಷತ್ರ

ಹಾಸನ ಜಿಲ್ಲೆಯಲ್ಲಿ ರೇಖಾವಿನ್ಯಾಸವೆಂದೊಡನೆ ಹೊಯ್ಸಳರ ದೇವಾಲಯಗಳು ಕಣ್ಣಮುಂದೆ ನಿಲ್ಲುತ್ತವೆ. ಬೇಲೂರಿನ ಚೆನ್ನಕೇಶವ ದೇವಾಲಯದ ಜಾಲಂಧ್ರಗಳಲ್ಲಿ ಕೆಲವು ಪುರಾಣದ ದೃಶ್ಯಗಳಾದರೆ ಮಿಕ್ಕವು ಶುದ್ಧ ಜ್ಯಾಮಿತೀಯ ಹೆಣಿಗೆಗಳು. ನಕ್ಷತ್ರಾಕಾರದ ತಳವಿನ್ಯಾಸವಂತೂ ಈ ಶೈಲಿಯ ಕೀರ್ತಿಗೇ ಕಾರಣ. ರತ್ನಗಂಬಳಿಯ ಮೇಲೆಯೂ ನಕ್ಷತ್ರವಿದೆ, ದೇವಾಲಯದಲ್ಲಿಯೂ ನಕ್ಷತ್ರವಿದೆ. ಆದುದರಿಂದ ಒಂದರಿಂದ ಇನ್ನೊಂದು ಬಂದಿರಬೇಕೆಂದು ವಿದ್ಯಾರ್ಥಿಗಳು ಊಹಿಸುವ ಸಂಭವವುಂಟು. ಈ ಊಹೆಯನ್ನು ಪರೀಕ್ಷಿಸಬೇಕು.

ಶಿಲ್ಪಿಯು ನಕ್ಷತ್ರವನ್ನು ಪಡೆಯುವುದು ಒಂದು ಚೌಕವನ್ನು ಅದರ ಕೇಂದ್ರದ ಸುತ್ತ ತಿರುಗಿಸುವುದರಿಂದ. ಹಗ್ಗ ಮತ್ತು ಗೂಟಗಳಿಂದ ವೃತ್ತವನ್ನೆಳೆದು ಚೌಕವನ್ನು ೨೨.೫ ಡಿಗ್ರಿಯಷ್ಟು ತಿರುಗಿಸುತ್ತ ಹೋದರೆ ನಾಲ್ಕು ಚೌಕಗಳಿಂದ ೧೬ ಮೂಲೆಗಳ ನಕ್ಷತ್ರ ಬರುತ್ತದೆ. ಕಲ್ಲಿಗೆ ಯಾವ ಕೋನವಾದರೂ ಒಂದೇ. ನೂಲಿಗೆ ಹಾಗಲ್ಲ. ಮಗ್ಗದಲ್ಲಿ ಓರೆಗೆರೆಯೆಂಬುದು 'ಇಷ್ಟು ಎಳೆ ಪಕ್ಕಕ್ಕೆ, ಇಷ್ಟು ಸಾಲು ಮೇಲಕ್ಕೆ' ಎಂಬ ಅನುಪಾತ. ಎಳೆಗಳೂ ಸಾಲುಗಳೂ ಸಮಸಾಂದ್ರವಾಗಿದ್ದರೆ ಒಂದಕ್ಕೆ ಒಂದು ಎಂದಾಗ ೪೫ ಡಿಗ್ರಿಯ ಗೆರೆ ಸಿಗುತ್ತದೆ, ೨೨.೫ ಡಿಗ್ರಿಯನ್ನು ಪಡೆಯುವ ಸುಲಭವಾದ ಎಣಿಕೆ ಯಾವುದೂ ಇಲ್ಲ. ಚೌಕವೊಂದನ್ನು ೪೫ ಡಿಗ್ರಿ ತಿರುಗಿಸಿ ಮೊದಲಿನದರ ಮೇಲಿಟ್ಟರೆ ಎಂಟು ಮೂಲೆಯ ನಕ್ಷತ್ರವಾಗುತ್ತದೆ. ಅದರ ಗೆರೆಗಳೆಲ್ಲ ಅಡ್ಡ, ನೆಟ್ಟ ಅಥವಾ ೪೫ ಡಿಗ್ರಿಯವು. ಬುಡಕಟ್ಟುಗಳ ರತ್ನಗಂಬಳಿಗಳಲ್ಲಿ ಎಂಟು ಮೂಲೆಯ ನಕ್ಷತ್ರ ಅಷ್ಟು ಸಾಮಾನ್ಯವಾಗಿರುವುದಕ್ಕೂ, ದೇವಾಲಯದ ತಳದಲ್ಲಿ ೧೬ ಮೂಲೆಗಳು ಸಾಧ್ಯವಾದುದಕ್ಕೂ ಕಾರಣ ಇದು. ಹಾಸಿನ ಎಳೆಗಳಿಗಿಂತ ಸಾಲುಗಳು ಒತ್ತಾಗಿದ್ದರೆ ಅದೇ ಎಣಿಕೆಯ ನಕ್ಷತ್ರ ಚಪ್ಪಟೆಯಾಗುತ್ತದೆ, ವಿರಳವಾಗಿದ್ದರೆ ಉದ್ದವಾಗುತ್ತದೆ. ಹಳೆಯ ಹಾಸುಗಳಲ್ಲಿ ಇಂಥ ನಕ್ಷತ್ರಗಳು ಧಾರಾಳವಾಗಿ ಕಾಣಸಿಗುತ್ತವೆ.

ಆದುದರಿಂದ ರೂಪಸಾದೃಶ್ಯ ಮಾತ್ರದಿಂದ ಸಂಪರ್ಕವನ್ನು ಸಾಧಿಸಲಾಗದು. ಕಲ್ಲಿನ ನಕ್ಷತ್ರ ಹಗ್ಗದ ಮಗಳು, ನೂಲಿನ ನಕ್ಷತ್ರ ಎಣಿಕೆಯ ಮಗಳು. ಎರಡು ರೂಪಗಳ ನಡುವೆ ಸಾಲ ನಡೆದಿದೆಯೆಂದು ಹೇಳುವ ಮುನ್ನ, ಎರಡೂ ತಂತಮ್ಮ ಸಾಧನದಿಂದ ಸ್ವತಂತ್ರವಾಗಿ ಹುಟ್ಟಬಹುದಾಗಿತ್ತೇ ಎಂದು ಕೇಳಬೇಕು. ಸ್ವತಂತ್ರವಾಗಿ ಹುಟ್ಟಲಾರದ ರೂಪ, ಎಂದರೆ ಸಾಧನದ ಸ್ವಭಾವಕ್ಕೆ ವಿರುದ್ಧವಾಗಿದ್ದರೂ ಪ್ರಯಾಸಪಟ್ಟು ಮೂಡಿಸಿದ ರೂಪ, ಕಂಡಾಗ ಮಾತ್ರ ಸಾಲದ ವಾದಕ್ಕೆ ಬಲ ಬರುತ್ತದೆ. ಬೆಂಗಳೂರು ಜೈಲಿನ ಪರ್ಷಿಯನ್ ಮಾದರಿಗಳು ಈ ವರ್ಗಕ್ಕೆ ಸೇರಿದುವು. ಹಳೆಯ ಹಾಸುಗಳ ವ್ಯಾಪಾರಿಗಳು ಒಂದೊಂದು ಕೊಕ್ಕೆಗೂ ಒಂದೊಂದು ವಜ್ರಾಕೃತಿಗೂ ಆರೋಪಿಸುವ ಗೂಢಾರ್ಥಗಳನ್ನು ಇತಿಹಾಸಕಾರನು ಈ ಒರೆಗಲ್ಲಿಗೆ ಹಚ್ಚಿಯೇ ಸ್ವೀಕರಿಸಬೇಕು.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದು, ಬುಡಕಟ್ಟಿನ ರತ್ನಗಂಬಳಿಯ ಜ್ಯಾಮಿತಿಗೂ ಕುರುಬರ ಕಂಬಳಿಯ ಅಂಚುಪಟ್ಟೆಗಳಿಗೂ ಮೂಲತತ್ತ್ವ ಒಂದೇ. ಅದು ಎಳೆಯ ಎಣಿಕೆ. ಎರಡನೆಯದು, ಹಾಸನ ಸೀಮೆಯ ನೆಯ್ಗೆ ಕಂಬಳಿಯಲ್ಲಿಯೇ ನಿಂತದ್ದಕ್ಕೆ ಕಾರಣ ನೇಕಾರನ ಅಸಾಮರ್ಥ್ಯವಲ್ಲ. ಕುರಿಯ ಉಣ್ಣೆ, ಮಲೆನಾಡಿನ ಮಳೆ, ಬಡವನ ಬಹುವಿಧವಾದ ಅಗತ್ಯ ಇವು. ಮೂರನೆಯದು, ಈ ಬಟ್ಟೆಯಲ್ಲಿ ಕುಲದ ಗುರುತೂ ದೇವತಾಭಾವವೂ ಆಕೃತಿಯನ್ನಲ್ಲದೆ ಸಾಮಗ್ರಿಯನ್ನು ಆಶ್ರಯಿಸಿವೆ. ಆದಕಾರಣ ಆಕೃತಿಗಳನ್ನು ಮಾತ್ರ ಹುಡುಕುವ ಕಲಾವಿಮರ್ಶೆಗೆ ಅವು ಕಾಣದೆ ಹೋದುವು.

ಈ ವಿಚಾರಕ್ಕೆ ತುರ್ತೂ ಒದಗಿದೆ. ಪಜಿರಿಕ್‌ನ ಹಾಸನ್ನು ಮಂಜುಗಡ್ಡೆ ಕಾಪಾಡಿತು, ಕಂಬಳಿಯನ್ನು ಕಾಪಾಡುವವರಿಲ್ಲ. ಅದು ಹೊದ್ದು, ಹಾಸಿ, ಹರಿದು, ಕೊನೆಗೆ ದನದ ಮೈಮೇಲಿನ ಹೊದಿಕೆಯಾಗಿ ಮುಗಿಯುವ ವಸ್ತು. ಬೆಂಗಳೂರಿನಲ್ಲಿ ೧೮೮೪ರಲ್ಲಿ ಸ್ಥಾಪಿತವಾದ ಉಣ್ಣೆಯ ಗಿರಣಿಯ ಕಾಲದಿಂದ ಕೈಮಗ್ಗದ ಕಂಬಳಿಗೆ ಯಂತ್ರದ ಪೈಪೋಟಿ ಮೊದಲಾಯಿತು. ಅನಂತರ ಪ್ಲಾಸ್ಟಿಕ್ ಹಾಳೆ ಮಳೆಯ ಕೊಪ್ಪೆಯ ಸ್ಥಾನವನ್ನು ಹಿಡಿಯಿತು. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ೧೯೭೯ರಲ್ಲಿ ಪೂರ್ಣವಾದ ಮೇಲೆ ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಒಣಭೂಮಿಗೆ ನಾಲೆಯ ನೀರು ಬಂದಿತು. ರೈತನಿಗೆ ಅದು ಭಾಗ್ಯ, ಕುರಿಯ ಹುಲ್ಲುಗಾವಲಿಗೆ ಸಂಕೋಚ. ಕುರಿಯನ್ನು ಈಗ ಸಾಕುವುದು ಬಹುಮಟ್ಟಿಗೆ ಮಾಂಸಕ್ಕಾಗಿ. ಒರಟು ಉಣ್ಣೆಗೆ ಕತ್ತರಿಸಿದ ಕೂಲಿಯೂ ಹುಟ್ಟದೆಂಬುದು ಕುರಿಗಾರರ ಸಾಮಾನ್ಯವಾದ ದೂರು.

ಆದುದರಿಂದ ಈ ಸೀಮೆಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಗೊಳ್ಳಬಹುದಾದ ಒಂದು ಕಾರ್ಯವನ್ನು ಸೂಚಿಸುವುದು ಅಪ್ರಸ್ತುತವಾಗಲಾರದು. ತಂತಮ್ಮ ಊರುಗಳಲ್ಲಿ ಉಳಿದಿರುವ ಹಳೆಯ ಕಂಬಳಿಗಳನ್ನು ಹುಡುಕಿ, ಪ್ರತಿಯೊಂದಕ್ಕೂ ಉದ್ದ, ಅಗಲ, ತೂಕ, ಒಂದು ಅಂಗುಲಕ್ಕೆ ಹಾಸಿನ ಮತ್ತು ಹೊಕ್ಕಿನ ಎಳೆಗಳ ಸಂಖ್ಯೆ, ಅಂಚಿನಲ್ಲಿ ಬಣ್ಣಗಳು ಬದಲಾಗುವ ಕ್ರಮ, ಜೋಡಣೆಯ ಹೊಲಿಗೆ, ತುದಿಯ ಕಟ್ಟು ಇವುಗಳನ್ನು ಗುರುತುಹಾಕಿಕೊಳ್ಳಬೇಕು. ಉಣ್ಣೆ ಯಾವ ಕುರಿಯದು, ನೂಲಿದವರು ಯಾವ ಮನೆಯವರು, ಅಂಚಿಗೆ ನೇಕಾರರು ಇಟ್ಟ ಹೆಸರೇನು ಎಂಬುದನ್ನು ವೃದ್ಧರನ್ನು ಕೇಳಿ, ಅವರು ಆಡಿದ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಇದಕ್ಕೆ ದೊಡ್ಡ ಧನಸಹಾಯ ಬೇಕಿಲ್ಲ. ಅಳತೆಯ ಪಟ್ಟಿ, ಭೂತಗನ್ನಡಿ, ತಾಳ್ಮೆ ಇದ್ದರೆ ಸಾಕು. ತುರ್ಕಮಾನರ ಹಾಸುಗಳ ಇತಿಹಾಸ ಬರೆಯಲು ಸಾಧ್ಯವಾದುದು ಇಂಥ ಎಣಿಕೆಯ ಪಟ್ಟಿಗಳು ಸಿದ್ಧವಾದ ಮೇಲೆಯೇ. ಹಾಸನ ಸೀಮೆಯ ಕಂಬಳಿಯ ಇತಿಹಾಸಕ್ಕೂ ಮೊದಲ ಮೆಟ್ಟಿಲು ಅದೇ ಆಗಬೇಕಾಗಿದೆ.